ಕೊಬ್ಬರಿ ಮನವಿ ಯಾವ ರಾಜ್ಯಸಭಾ ಸದಸ್ಯರಿಗೆ ಕೊಡಬೇಕು? ಯಾರ ಅವಧಿ ಎಲ್ಲಿಯವರೆಗೆ ಇದೆ?

ಹೊನ್ನವಳ್ಳಿ ತೋಟ (ತಿಪಟೂರು ತಾಲ್ಲೂಕು), 2024 ಮಾರ್ಚ್ 18

ಎಲ್ಲರಿಗೂ ನಮಸ್ಕಾರ. ನಾನು ಹೊನ್ನವಳ್ಳಿ ಹೋಬಳಿಯವಳು. ತೆಂಗಿನ ತೋಟ ನೋಡಿಕೊಳ್ಳುತ್ತೇನೆ. ನಮ್ಮೂರಿನ ಬೆಳೆಗಾರರ ಗುಂಪಿನ ಲೆಕ್ಕ ಬರೆಯುವುದು, ಅರ್ಜಿ ಬರೆಯುವುದು ಎಲ್ಲ ನನ್ನ ಪಾಲಿಗೇ ಬಂದಿದೆ.

ವಿಷಯ ನಿಮಗೆ ಗೊತ್ತಿರುವುದೇ. ಉಂಡೆ ಕೊಬ್ಬರಿಗೆ ಈ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,000 ರೂಪಾಯಿ. ತಿಪಟೂರು ಮಾರುಕಟ್ಟೆಯ ಹರಾಜಿನಲ್ಲಿ ಅಷ್ಟು ಸಿಗುತ್ತಿಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ, ತಿಂಗಳುಗಟ್ಟಲೆ ಕಾದು, ಸುಲಿದು, ಒಡೆದು ತಂದರೆ ಕೊನೆಗೆ ಬೆಲೆ ಇಲ್ಲ. ಒಂದು ಮನವಿ ಬರೆದಿದ್ದೇವೆ. ಬೆಂಬಲ ಬೆಲೆ ನಿಗದಿ ಮಾಡುವುದು ಕೇಂದ್ರ, ಹಾಗಾಗಿ ದೆಹಲಿಗೇ ಮುಟ್ಟಬೇಕು.

ಲೋಕಸಭೆಗೆ ಮೊನ್ನೆ ಶನಿವಾರ ಚುನಾವಣೆ ಘೋಷಣೆ ಆಯಿತು. ನಮ್ಮ ತುಮಕೂರಿಗೆ ಏಪ್ರಿಲ್ 26ಕ್ಕೆ ಮತದಾನ. ಜೂನ್‌ವರೆಗೂ ಆ ಕಡೆಯಿಂದ ಯಾರೂ ಸಿಗುವುದಿಲ್ಲ. ಅದಕ್ಕೇ ರಾಜ್ಯಸಭಾ ಸದಸ್ಯರಿಗೆ ಕೊಡೋಣ ಅಂತ ನಮ್ಮ ಗುಂಪಿನಲ್ಲಿ ಮಾತಾಯಿತು. ಒಂದು ಕಚೇರಿಗೆ ಹೋಗಿ ವಿಳಾಸ ಕೇಳಿದೆ. ಅಲ್ಲಿದ್ದವರು, "ಅವರದೂ ಅವಧಿ ಮುಗಿಯುತ್ತಾ ಬಂತು, ಸುಮ್ನೆ ಯಾಕೆ ಓಡಾಡ್ತೀರಿ, ಲೋಕಸಭೆ ಜೊತೆಗೇ ಎಲ್ಲರೂ ಹೋಗ್ತಾರೆ" ಅಂದುಬಿಟ್ಟರು. ರಾಜ್ಯಸಭೆ ವಿಸರ್ಜನೆ ಆಗುವುದೇ ಇಲ್ಲ ಅಂತ ಶಾಲೆಯಲ್ಲಿ ಓದಿದ್ದೇನೆ. ಆದರೆ ಅವರು ಹೇಳಿದ ಮೇಲೆ ಗುಂಪಿನ ಹಿರಿಯರು ಹಿಂದೆ ಸರಿದಿದ್ದಾರೆ. ಅವರಿಗೆ ತೋರಿಸಲು ನನಗೆ ಗಟ್ಟಿಯಾದ ಉತ್ತರ ಬೇಕು.

ಮನೆಗೆ ಬಂದು ಹೆಸರುಗಳನ್ನು ಬರೆದುಕೊಂಡೆ. ಆಗ ಇನ್ನಷ್ಟು ಗೊಂದಲವಾಯಿತು. ದೇವೇಗೌಡರು, ಖರ್ಗೆಯವರು ಬಂದದ್ದು 2020ರ ಜೂನ್‌ನಲ್ಲಿ. ನಿರ್ಮಲಾ ಸೀತಾರಾಮನ್, ಜಗ್ಗೇಶ್ ಬಂದದ್ದು 2022ರಲ್ಲಿ. ಕಳೆದ ತಿಂಗಳು 27ಕ್ಕೆ ಮತ್ತೆ ನಾಲ್ವರನ್ನು ಆರಿಸಿದರು. ಇವರು ಯಾಕೆ ಹೀಗೆ ಕಂತಿನಲ್ಲಿ ಬರುತ್ತಾರೆ? ಕೆ. ನಾರಾಯಣ್ ಅನ್ನುವವರು 2020ರ ನವೆಂಬರ್‌ನಲ್ಲಿ ಬಂದಿದ್ದಾರೆ, ಆದರೆ ಅವರ ಅವಧಿ 2026ರ ಜೂನ್‌ಗೇ ಮುಗಿಯುತ್ತದೆ ಅಂತ ಇದೆ. ಆರು ವರ್ಷ ಅಂದಮೇಲೆ ಅವರಿಗೆ ಯಾಕೆ ಕಡಿಮೆ? ಹೊಸದಾಗಿ ಗೆದ್ದ ನಾಲ್ವರು ಈಗಲೇ ಸದಸ್ಯರಾ, ಇಲ್ಲ ಇನ್ನೂ ಹಳಬರೇ ಇದ್ದಾರಾ?

ದಯವಿಟ್ಟು ತಿಳಿದವರು ಬಿಡಿಸಿ ಹೇಳಿ. ರಾಜಕೀಯದ ಜಗಳ ಬೇಡ.

ಗುಬ್ಬಿ ವಕೀಲ

ತಾಯಿ, ನೀವು ಶಾಲೆಯಲ್ಲಿ ಓದಿದ್ದೇ ಸರಿ. ಆ ಕಚೇರಿಯಲ್ಲಿ ಹೇಳಿದ್ದು ತಪ್ಪು. ಲೋಕಸಭೆ ವಿಸರ್ಜನೆಯಾದರೂ ರಾಜ್ಯಸಭೆ ಹಾಗೇ ಇರುತ್ತದೆ. ಸಂವಿಧಾನದ 83ನೇ ವಿಧಿಯಲ್ಲಿ ಇದು ಸ್ಪಷ್ಟವಾಗಿದೆ. ರಾಜ್ಯಸಭೆಗೆ ವಿಸರ್ಜನೆ ಇಲ್ಲ, ಪ್ರತಿ ಎರಡು ವರ್ಷಕ್ಕೊಮ್ಮೆ ಸುಮಾರು ಮೂರನೇ ಒಂದು ಪಾಲು ಸದಸ್ಯರು ನಿವೃತ್ತರಾಗುತ್ತಾರೆ. ಆರು ವರ್ಷ ಅನ್ನುವುದು ಆ ವಿಧಿಯಲ್ಲಿ ಇಲ್ಲ. ಅದು 1951ರ ಜನಪ್ರತಿನಿಧಿ ಕಾಯ್ದೆಯ 154ನೇ ಕಲಂನಲ್ಲಿದೆ. ಪರೀಕ್ಷೆಗೆ ಓದುವವರೂ ಇದನ್ನು ಬೆರೆಸಿಬಿಡುತ್ತಾರೆ.

ನಮ್ಮ ರಾಜ್ಯಕ್ಕೆ 12 ಸ್ಥಾನ. ಅವು ನಾಲ್ಕು ನಾಲ್ಕರಂತೆ ಮೂರು ಪಾಲಾಗಿವೆ. ಒಂದು ಪಾಲು 2020ರ ಜೂನ್ 26ಕ್ಕೆ ಶುರುವಾಗಿ 2026ರ ಜೂನ್ 25ಕ್ಕೆ ಮುಗಿಯುತ್ತದೆ. ಇನ್ನೊಂದು 2022ರ ಜುಲೈ 1ರಿಂದ 2028ರ ಜೂನ್ 30ರವರೆಗೆ. ಮೂರನೆಯದು ಈಗ ಕೈ ಬದಲಾಗುತ್ತಿರುವ ಪಾಲು. ಹಳೆಯ ನಾಲ್ವರು 2018ರಲ್ಲಿ ಬಂದವರು, ಅವರ ಅವಧಿ ಏಪ್ರಿಲ್ 2ಕ್ಕೆ ಮುಗಿಯುತ್ತದೆ. ಫೆಬ್ರವರಿ 27ರಂದು ಗೆದ್ದವರು ಏಪ್ರಿಲ್ 3ರಿಂದ ಸದಸ್ಯರು. ಗೆದ್ದ ದಿನಕ್ಕೇ ಅವಧಿ ಶುರುವಾಗುವುದಿಲ್ಲ. ಗೆಜೆಟ್‌ನಲ್ಲಿ ಹೆಸರು ಪ್ರಕಟವಾಗಬೇಕು, ಆಮೇಲೆ ಪ್ರಮಾಣವಚನ. ಪ್ರಮಾಣವಚನ ಸ್ವೀಕರಿಸದೆ ಸದನದಲ್ಲಿ ಕೂರುವಂತಿಲ್ಲ, ಮತ ಹಾಕುವಂತಿಲ್ಲ.

ಹೊಸ ನಾಲ್ವರಲ್ಲಿ ಇಬ್ಬರು, ಅಂದರೆ ನಾಸಿರ್ ಹುಸೇನ್ ಮತ್ತು ಜಿ.ಸಿ. ಚಂದ್ರಶೇಖರ್, 2018ರ ಪಾಲಿನವರೇ. ಅವರು ಈಗಲೂ ಸದಸ್ಯರು, ಏಪ್ರಿಲ್ 3ರ ನಂತರವೂ ಸದಸ್ಯರು. ಅಜಯ್ ಮಾಕನ್ ಮತ್ತು ನಾರಾಯಣಸಾ ಭಾಂಡಗೆ ಹೊಸಬರು. ರಾಜೀವ್ ಚಂದ್ರಶೇಖರ್ ಮತ್ತು ಎಲ್. ಹನುಮಂತಯ್ಯ ಇಳಿಯುತ್ತಾರೆ. ಈ ಇಬ್ಬರಿಗೆ ಈಗ ಮನವಿ ಕೊಟ್ಟರೆ ಉಳಿದಿರುವುದು ಎರಡು ವಾರ ಅಷ್ಟೇ.

ಇನ್ನು ಕೆ. ನಾರಾಯಣ್ ಅವರ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಜನ ಎಡವುವುದು ಇಲ್ಲೇ. 2020ರ ಜೂನ್‌ನಲ್ಲಿ ಅವಿರೋಧವಾಗಿ ಆಯ್ಕೆಯಾದ ನಾಲ್ವರು ದೇವೇಗೌಡರು, ಖರ್ಗೆಯವರು, ಈರಣ್ಣ ಕಡಾಡಿ ಮತ್ತು ರಾಯಚೂರಿನ ಅಶೋಕ್ ಗಸ್ತಿ. ಗಸ್ತಿಯವರು ಅದೇ ಸೆಪ್ಟೆಂಬರ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ತೆರವಾದ ಆ ಸ್ಥಾನಕ್ಕೆ ಉಪಚುನಾವಣೆಯಲ್ಲಿ ನಾರಾಯಣ್ ಬಂದರು. ಉಪಚುನಾವಣೆಯಲ್ಲಿ ಬಂದವರಿಗೆ ಹೊಸ ಆರು ವರ್ಷ ಸಿಗುವುದಿಲ್ಲ. ಹಿಂದಿನವರ ಅವಧಿಯಲ್ಲಿ ಎಷ್ಟು ಉಳಿದಿದೆಯೋ ಅಷ್ಟೇ. ಆರು ವರ್ಷಕ್ಕೆ ಗುತ್ತಿಗೆ ಹಿಡಿದ ತೋಟವನ್ನು ನಡುವೆ ಇನ್ನೊಬ್ಬರಿಗೆ ವಹಿಸಿದರೆ ಗುತ್ತಿಗೆ ಮುಗಿಯುವ ತಾರೀಖು ಬದಲಾಗುವುದಿಲ್ಲ ಅಲ್ವಾ, ಹಾಗೆ.

ಇನ್ನೂ ಸ್ಪಷ್ಟವಾದ ಉದಾಹರಣೆ ಕೆ.ಸಿ. ರಾಮಮೂರ್ತಿ ಅವರದು. 2016ರಲ್ಲಿ ಕಾಂಗ್ರೆಸ್‌ನಿಂದ ಆಯ್ಕೆಯಾದರು. 2019ರ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಅದೇ ಸ್ಥಾನಕ್ಕೆ ಡಿಸೆಂಬರ್‌ನಲ್ಲಿ ಬಿಜೆಪಿಯಿಂದ ಅವಿರೋಧವಾಗಿ ಮತ್ತೆ ಬಂದರು. ವ್ಯಕ್ತಿ ಅವರೇ, ಕುರ್ಚಿ ಅದೇ, ಪಕ್ಷ ಮಾತ್ರ ಬೇರೆ. ಅವಧಿ ಮುಗಿದದ್ದು ಮೊದಲು ಗೊತ್ತಾಗಿದ್ದ ದಿನಕ್ಕೇ, 2022ರ ಜೂನ್ 30ಕ್ಕೆ. ಅಂದರೆ ನೀವು ಪಟ್ಟಿ ಮಾಡುವಾಗ ವ್ಯಕ್ತಿ ಯಾವಾಗ ಬಂದರು ಅನ್ನುವುದಕ್ಕಿಂತ ಯಾವ ಸ್ಥಾನಕ್ಕೆ ಬಂದರು ಅಂತ ನೋಡಿ. ತಾರೀಖು ಸ್ಥಾನದ ಮೇಲಿರುತ್ತದೆ.

ಚಿಂತಾಮಣಿ ಓದುಗ

ಅಕ್ಕಾ, ಕಂತಿನಲ್ಲಿ ಯಾಕೆ ಅಂತ ಕೇಳಿದ್ದೀರಿ. ನಾನು ಕೆಎಎಸ್‌ಗೆ ಓದುತ್ತಿದ್ದೇನೆ, ಈ ಭಾಗ ನನಗೆ ತುಂಬಾ ಇಷ್ಟ.

ರಾಜ್ಯಸಭೆ ರಚನೆಯಾದದ್ದು 1952ರ ಏಪ್ರಿಲ್ 3ಕ್ಕೆ. ಮೊದಲ ಸಲ ಸೇರಿದ್ದು ಮೇ 13ಕ್ಕೆ. ಆಗ ಎಲ್ಲರೂ ಒಟ್ಟಿಗೇ ಬಂದವರು. ಹಾಗೇ ಬಿಟ್ಟಿದ್ದರೆ ಆರು ವರ್ಷಕ್ಕೆ ಎಲ್ಲರೂ ಒಟ್ಟಿಗೇ ಹೋಗಬೇಕಿತ್ತು, ಮೂರನೇ ಒಂದು ಪಾಲಿನ ನಿಯಮ ನಡೆಯುತ್ತಿರಲಿಲ್ಲ. ಅದಕ್ಕೆ ರಾಷ್ಟ್ರಪತಿಗಳು ಒಂದು ಆದೇಶ ಹೊರಡಿಸಿ, ಚೀಟಿ ಎತ್ತುವ ಮೂಲಕ ಸದಸ್ಯರನ್ನು ಮೂರು ಪಾಲು ಮಾಡಿಸಿದರು. ಒಂದು ಪಾಲಿಗೆ 2 ವರ್ಷ, ಒಂದಕ್ಕೆ 4 ವರ್ಷ, ಇನ್ನೊಂದಕ್ಕೆ ಪೂರ್ತಿ 6 ವರ್ಷ. ಮೊದಲ ತಂಡ 1954ರ ಏಪ್ರಿಲ್ 2ಕ್ಕೆ ನಿವೃತ್ತಿಯಾಯಿತು. ನಾಮನಿರ್ದೇಶನಗೊಂಡಿದ್ದ ನಟ ಪೃಥ್ವಿರಾಜ್ ಕಪೂರ್ ಅವರಿಗೆ ಮೊದಲು ಸಿಕ್ಕಿದ್ದು 2 ವರ್ಷವೇ. 1954ರಲ್ಲಿ ಮತ್ತೆ ನಾಮನಿರ್ದೇಶನವಾಗಿ 1960ರವರೆಗೆ ಇದ್ದರು.

ಅಂದಿನಿಂದ ಇಲ್ಲಿಯವರೆಗೆ ಈ ಸದನ ಒಂದು ದಿನವೂ ಖಾಲಿ ಆಗಿಲ್ಲ. ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿದ್ದ 1977ರ ಆರಂಭದಲ್ಲಿ ಲೋಕಸಭೆ ಇಲ್ಲದಿದ್ದಾಗಲೂ ರಾಜ್ಯಸಭೆ ಸೇರಿತ್ತು. ತಮಿಳುನಾಡಿನಲ್ಲಿ ಇದ್ದ ರಾಷ್ಟ್ರಪತಿ ಆಳ್ವಿಕೆಯನ್ನು ಮುಂದುವರಿಸಲು ಸಂಸತ್ತಿನ ಒಪ್ಪಿಗೆ ಬೇಕಿತ್ತು, ಕೊಡಲು ಇದ್ದದ್ದು ಇವರು ಮಾತ್ರ.

ಮಸೂದೆಗಳ ವಿಷಯದಲ್ಲೂ ಇದರ ಪ್ರಯೋಜನ ದೊಡ್ಡದು. ಲೋಕಸಭೆಯ ಮುಂದೆ ಬಾಕಿ ಇದ್ದ ಮಸೂದೆ ಅದು ವಿಸರ್ಜನೆಯಾದರೆ ಬಿದ್ದು ಹೋಗುತ್ತದೆ. ರಾಜ್ಯಸಭೆಯಲ್ಲಿ ಮಂಡನೆಯಾಗಿ, ಇನ್ನೂ ಲೋಕಸಭೆಗೆ ಹೋಗದೆ ಅಲ್ಲೇ ಬಾಕಿ ಇದ್ದದ್ದು ಬೀಳುವುದಿಲ್ಲ. ಮಹಿಳಾ ಮೀಸಲಾತಿ ಮಸೂದೆಯನ್ನು 2008ರಲ್ಲಿ ರಾಜ್ಯಸಭೆಯಲ್ಲೇ ಮಂಡಿಸಿದ್ದರು. 2009ರ ಚುನಾವಣೆ ಬಂದರೂ ಅದು ಉಳಿಯಿತು. 2010ರ ಮಾರ್ಚ್ 9ಕ್ಕೆ ಅಲ್ಲಿ ಅಂಗೀಕಾರವೂ ಆಯಿತು. ಆಮೇಲೆ ಲೋಕಸಭೆಗೆ ಹೋಯಿತು, ಅಲ್ಲಿ ಚರ್ಚೆಗೇ ಬರಲಿಲ್ಲ. 2014ರಲ್ಲಿ ಲೋಕಸಭೆಯ ಜೊತೆಗೆ ಬಿದ್ದು ಹೋಯಿತು. ನನ್ನ ಅಜ್ಜಿ ಗ್ರಾಮ ಪಂಚಾಯಿತಿ ಸದಸ್ಯೆ ಆಗಿದ್ದವರು, ಆ ಸುದ್ದಿಗೆ ತುಂಬಾ ನೊಂದುಕೊಂಡಿದ್ದರು.

ಮುಳಬಾಗಿಲು ಮೇಷ್ಟ್ರು

ಒಳ್ಳೆಯ ಚರ್ಚೆ. ನಾನು ಇನ್ನೊಂದು ಮಗ್ಗುಲು ಹೇಳುತ್ತೇನೆ. ಇವರನ್ನು ಆರಿಸುವವರು ಯಾರು ಅಂತ ಗೊತ್ತಾಗದೆ ಮನವಿ ಕೊಟ್ಟರೆ ಅರ್ಧ ಕೆಲಸ ಆದಂತೆ.

ನಮಗೆ ಶಿಕ್ಷಕರಿಗೆ ವಿಧಾನ ಪರಿಷತ್ತಿನ ಚುನಾವಣೆ ಚೆನ್ನಾಗಿ ಗೊತ್ತು. ನಮ್ಮ ಆಗ್ನೇಯ ಶಿಕ್ಷಕರ ಕ್ಷೇತ್ರದ ಸ್ಥಾನ ಈ ಜೂನ್‌ಗೆ ತೆರವಾಗುತ್ತದೆ. ಅಲ್ಲೂ ಆರು ವರ್ಷ, ಅಲ್ಲೂ ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಪಾಲು. ಆದರೆ ಅಲ್ಲಿ ನಾನು ಹೋಗಿ ಮತ ಹಾಕುತ್ತೇನೆ. ರಾಜ್ಯಸಭೆಗೆ ನಾನೂ ಹಾಕುವಂತಿಲ್ಲ, ವಿಧಾನ ಪರಿಷತ್ ಸದಸ್ಯರೂ ಹಾಕುವಂತಿಲ್ಲ. ವಿಧಾನಸಭೆಗೆ ಚುನಾಯಿತರಾದ ಶಾಸಕರು ಮಾತ್ರ. ನಾಮನಿರ್ದೇಶಿತ ಶಾಸಕರು ಇದ್ದರೂ ಅವರಿಗೆ ಹಕ್ಕಿಲ್ಲ.

ಫೆಬ್ರವರಿ 27ರ ಲೆಕ್ಕ ನೋಡಿ. ನಮ್ಮ ಸಭೆಯಲ್ಲಿ 224 ಸ್ಥಾನ. ಸುರಪುರದ ಶಾಸಕರು ಎರಡು ದಿನ ಮುಂಚೆ ತೀರಿಕೊಂಡಿದ್ದರು. ಯಲ್ಲಾಪುರದ ಶಿವರಾಮ ಹೆಬ್ಬಾರ್ ಮತಕ್ಕೆ ಬರಲಿಲ್ಲ. ಉಳಿದದ್ದು 222. ನಾಲ್ಕು ಸ್ಥಾನ ಇದ್ದರೆ ಐದರಿಂದ ಭಾಗಿಸಬೇಕು, 44.4 ಬರುತ್ತದೆ. ಅಂದರೆ 45 ಶಾಸಕರ ಮೊದಲ ಪ್ರಾಶಸ್ತ್ಯದ ಮತ ಬಿದ್ದವರು ಖಚಿತವಾಗಿ ಗೆದ್ದರು. ಮಾಕನ್ 47, ನಾಸಿರ್ ಹುಸೇನ್ 47, ಭಾಂಡಗೆ 47, ಚಂದ್ರಶೇಖರ್ 45. ಐದನೆಯವರು ಜೆಡಿಎಸ್‌ನ ಕುಪೇಂದ್ರ ರೆಡ್ಡಿ, 36. ಇದು ನಾವು ಊರಲ್ಲಿ ಹಾಕುವ ಮತದ ಹಾಗಲ್ಲ. ಶಾಸಕರು 1, 2, 3 ಅಂತ ಬರೆಯುತ್ತಾರೆ. ಮೊದಲ ಎಣಿಕೆಯಲ್ಲಿ ತೀರ್ಮಾನವಾಗದಿದ್ದರೆ ಹೆಚ್ಚುವರಿ ಮತ ಮುಂದಿನ ಪ್ರಾಶಸ್ತ್ಯದವರಿಗೆ ಹೋಗುತ್ತದೆ. ನೋಟಾ ಇಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆಸಿತು.

ಗುಟ್ಟಿನ ಮತವೂ ಅಲ್ಲ. 2003ರ ತಿದ್ದುಪಡಿಯಿಂದ ಶಾಸಕರು ಮತಪತ್ರವನ್ನು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಆದರೂ ಅಡ್ಡ ಮತದಾನ ನಿಂತಿಲ್ಲ. ಮೊನ್ನೆ ಯಶವಂತಪುರದ ಬಿಜೆಪಿ ಶಾಸಕರು ಕಾಂಗ್ರೆಸ್‌ಗೆ ಹಾಕಿದರು. 2022ರ ಜೂನ್ 10ರಂದು ನಮ್ಮ ಕೋಲಾರದ ಆಗಿನ ಜೆಡಿಎಸ್ ಶಾಸಕರು ಕಾಂಗ್ರೆಸ್‌ಗೆ ಹಾಕಿ ಬಂದು ಮಾಧ್ಯಮದವರ ಮುಂದೆ ಹಾಗಂತ ಹೇಳಿಯೂಬಿಟ್ಟರು. ಪಕ್ಷ ಉಚ್ಚಾಟನೆ ಮಾಡಬಹುದು, ಆದರೆ ಈ ಮತದ ಕಾರಣಕ್ಕೆ ಪಕ್ಷಾಂತರ ಕಾಯ್ದೆಯಲ್ಲಿ ಶಾಸಕ ಸ್ಥಾನ ಹೋಗುವುದಿಲ್ಲ. ಕುಲದೀಪ್ ನಯ್ಯರ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ.

ಆ ತಿದ್ದುಪಡಿಯಲ್ಲೇ ಇನ್ನೊಂದು ಬದಲಾವಣೆ ಆಯಿತು, ನನಗೆ ಇಂದಿಗೂ ಸಮಾಧಾನವಿಲ್ಲದ್ದು. ಮೊದಲು ಯಾವ ರಾಜ್ಯದಿಂದ ನಿಲ್ಲುತ್ತಾರೋ ಆ ರಾಜ್ಯದ ಮತದಾರರಾಗಿರಬೇಕಿತ್ತು. ಈಗ ದೇಶದ ಯಾವ ಲೋಕಸಭಾ ಕ್ಷೇತ್ರದ ಮತದಾರರಾದರೂ ಸಾಕು. ಅದೇ ಪ್ರಕರಣದಲ್ಲಿ ಕೋರ್ಟು ಇದನ್ನೂ ಎತ್ತಿಹಿಡಿಯಿತು. ಕಾನೂನು ಸರಿ, ಒಪ್ಪುತ್ತೇನೆ. ಆದರೆ ರಾಜ್ಯಗಳ ಸಭೆ ಅಂತ ಹೆಸರಿಟ್ಟುಕೊಂಡು, ದೆಹಲಿಯವರು ಕರ್ನಾಟಕದ ಸ್ಥಾನದಲ್ಲಿ ಕೂತರೆ ನಮ್ಮ ರೇಷ್ಮೆ, ನಿಮ್ಮ ಕೊಬ್ಬರಿ ಅವರ ಬಾಯಲ್ಲಿ ಬರುತ್ತದಾ? ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು 1952ರ ಮೊದಲ ರಾಜ್ಯಸಭೆಯಲ್ಲಿ ಕೂತು ಕೇಂದ್ರದ ಮಂತ್ರಿಯೂ ಆಗಿದ್ದರು, 1957ರಲ್ಲಿ ಕೋಲಾರದಿಂದ ಲೋಕಸಭೆಗೆ ಗೆದ್ದರು. ಅವರಿಗೆ ಈ ನೆಲ ಗೊತ್ತಿತ್ತು.

ಹೊನ್ನವಳ್ಳಿ ತೋಟ

ವಕೀಲರೇ, ಮೇಷ್ಟ್ರೇ, ಚಿಂತಾಮಣಿ ತಮ್ಮಾ, ಮೂವರಿಗೂ ತುಂಬಾ ಧನ್ಯವಾದ. ಇದನ್ನೆಲ್ಲ ಓದಿ ಹೇಳಿದಾಗ ನಮ್ಮ ಹಿರಿಯರೊಬ್ಬರು, "ಹಾಗಾದ್ರೆ ನಮ್ಮ ಶಾಸಕರು ಹಾಕಿದ ಮತದಿಂದ ಬಂದೋರು, ನಮಗೂ ಕೇಳೋ ಹಕ್ಕಿದೆ" ಅಂದರು. ನನಗೆ ಅದೇ ಬೇಕಿತ್ತು. ನಮಗೆ ನೇರ ಮತ ಇಲ್ಲ ಅಂತ ನಾವು ಇವರ ಹತ್ತಿರ ಹೋಗುವುದೇ ಇಲ್ಲ. ಲೋಕಸಭಾ ಸದಸ್ಯರ ಮನೆ ಮುಂದೆ ಮಾತ್ರ ನಿಲ್ಲುತ್ತೇವೆ. ರಾಜ್ಯಕ್ಕೆ ಇನ್ನೂ 12 ಜನ ಇದ್ದಾರೆ, ಚುನಾವಣೆ ಕಾಲದಲ್ಲೂ ಇದ್ದಾರೆ ಅನ್ನುವುದು ರೈತರಿಗೆ ಗೊತ್ತಾಗಬೇಕು.

ಮೇಷ್ಟ್ರೇ, ಹೊರಗಿನವರ ಬಗ್ಗೆ ನೀವು ಹೇಳಿದ್ದು ನನ್ನ ಮನಸ್ಸಿನಲ್ಲೂ ಇದೆ. ಆದರೆ ಒಂದು ಮಾತು. ನಿರ್ಮಲಾ ಸೀತಾರಾಮನ್ ನಮ್ಮ ರಾಜ್ಯದ ಸ್ಥಾನದಲ್ಲೇ ಇದ್ದಾರೆ, ಮತ್ತೆ ದೇಶದ ಹಣಕಾಸು ಸಚಿವರು. ಹೊರಗಿನವರು ಅಂತ ಬಿಟ್ಟರೆ ನಷ್ಟ ನಮಗೇ. ನಮ್ಮ ಸ್ಥಾನದಲ್ಲಿ ಕೂತವರಿಗೆ ನಮ್ಮ ಕೊಬ್ಬರಿ ಏನು ಅಂತ ಹೇಳಿಕೊಡುವ ಕೆಲಸ ನಮ್ಮದು.

ಇನ್ನು ದೇವೇಗೌಡರು. 2019ರಲ್ಲಿ ತುಮಕೂರಿನಿಂದ ನಿಂತು 13 ಸಾವಿರಕ್ಕೂ ಜಾಸ್ತಿ ಮತದಿಂದ ಸೋತರು. ಮರುವರ್ಷ ರಾಜ್ಯಸಭೆಗೆ ಬಂದರು. ಆಗ ನಮ್ಮ ಕಡೆ ಕೆಲವರು, ಜನ ಬೇಡ ಅಂದವರು ಹಿಂದಿನ ಬಾಗಿಲಿಂದ ಹೋದರು ಅಂತ ಮಾತಾಡಿದ್ದರು. ನಾನು ಹಾಗೆ ನೋಡುವುದಿಲ್ಲ. ತೆಂಗಿನ ಬೆಳೆ ಗೊತ್ತಿರುವ, ನೀರಿನ ವಿಷಯ ಗೊತ್ತಿರುವ ಹಿರಿಯರು ಸದನದಲ್ಲಿ ಇರುವುದು ನಮಗೆ ಒಳ್ಳೆಯದು. ಅಂಥವರಿಗೋಸ್ಕರವೇ ಈ ಸದನ ಇರುವುದು ಅಲ್ವಾ? ತುರುವೇಕೆರೆಯಿಂದ ಶಾಸಕರಾಗಿದ್ದ ಜಗ್ಗೇಶ್ ಅವರೂ ಇದ್ದಾರೆ. ತುರುವೇಕೆರೆಯಲ್ಲಿ ತೆಂಗು ಇಲ್ಲದ ಮನೆ ಯಾವುದಿದೆ?

ಇನ್ನು ಎರಡು ಪ್ರಶ್ನೆ. ಈ ತಿಂಗಳು 8ಕ್ಕೆ ಸುಧಾ ಮೂರ್ತಿ ಅವರನ್ನು ನಾಮನಿರ್ದೇಶನ ಮಾಡಿದರಲ್ಲ, ಅವರು ನಮ್ಮ 12ರ ಲೆಕ್ಕಕ್ಕೆ ಬರುತ್ತಾರಾ? ಎರಡನೆಯದು, ಒಬ್ಬರಿಗೆ ಕೊಟ್ಟ ಮೇಲೆ ಅವರು ರಾಜೀನಾಮೆ ಕೊಟ್ಟರೆ, ಅಥವಾ ಈಗ ಲೋಕಸಭೆಗೆ ನಿಂತು ಗೆದ್ದುಬಿಟ್ಟರೆ, ನಮ್ಮ ಮನವಿ ಏನಾಗುತ್ತದೆ?

ಕಲ್ಪತರು ನಾಡು (ತುಮಕೂರು)

ಅಕ್ಕ, ಮನವಿಯಲ್ಲಿ ಬೆಲೆ ಜೊತೆಗೆ ಕೊಬ್ಬರಿ ಒಣಗಿಸುವ ಕಣ, ಗೋದಾಮು ಅಂತ ಏನಾದರೂ ಕೇಳುವುದಿದ್ದರೆ ಅದನ್ನು ಬೇರೆ ಕಾಗದದಲ್ಲಿ ಬರೆಯಿರಿ. ಸಂಸದರ ಪ್ರದೇಶಾಭಿವೃದ್ಧಿ ನಿಧಿ ರಾಜ್ಯಸಭೆಯವರಿಗೂ ಇದೆ, ವರ್ಷಕ್ಕೆ 5 ಕೋಟಿ. ಲೋಕಸಭೆಯವರು ತಮ್ಮ ಕ್ಷೇತ್ರಕ್ಕೆ ಕೊಡುತ್ತಾರೆ. ರಾಜ್ಯಸಭೆಗೆ ಚುನಾಯಿತರಾದವರು ತಾವು ಆಯ್ಕೆಯಾದ ರಾಜ್ಯದ ಯಾವ ಜಿಲ್ಲೆಗೆ ಬೇಕಾದರೂ ಶಿಫಾರಸು ಮಾಡಬಹುದು. ತಿಪಟೂರಿಗೂ ಕೊಡಬಹುದು. ಆದರೆ ನೀತಿಸಂಹಿತೆ ಜಾರಿಯಾಗಿದೆ. ಚುನಾವಣೆ ಮುಗಿಯುವವರೆಗೆ ಹೊಸ ಕೆಲಸಕ್ಕೆ ಹಣ ಬಿಡುಗಡೆ ಆಗುವುದಿಲ್ಲ, ರಾಜ್ಯಸಭಾ ಸದಸ್ಯರ ನಿಧಿಯಿಂದಲೂ ಆಗುವುದಿಲ್ಲ. ಜೂನ್ ಮೇಲೆ ಕೇಳಿ.

ಗುಬ್ಬಿ ವಕೀಲ

ತಾಯಿ, ಒಂದೊಂದಾಗಿ ಹೇಳುತ್ತೇನೆ.

ಸುಧಾ ಮೂರ್ತಿ ಅವರು ನಮ್ಮ 12ರಲ್ಲಿ ಬರುವುದಿಲ್ಲ. ರಾಷ್ಟ್ರಪತಿ ನಾಮನಿರ್ದೇಶನ ಮಾಡುವ 12 ಸ್ಥಾನಗಳೇ ಬೇರೆ. ಎರಡೂ ಕಡೆ 12 ಇರುವುದರಿಂದ ಗೊಂದಲವಾಗುತ್ತದೆ ಅಷ್ಟೇ. ಸಂವಿಧಾನದ ಪ್ರಕಾರ ರಾಜ್ಯಸಭೆ ಹೆಚ್ಚೆಂದರೆ 250 ಜನರದ್ದು. ಈಗ ಇರುವುದು 245 ಸ್ಥಾನ. 233 ಚುನಾಯಿತ, 12 ನಾಮನಿರ್ದೇಶಿತ. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆ, ಈ ನಾಲ್ಕರಲ್ಲಿ ಹೆಸರು ಮಾಡಿದವರನ್ನು ತೆಗೆದುಕೊಳ್ಳುತ್ತಾರೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು 2022ರಲ್ಲಿ ಹೀಗೇ ಬಂದವರು. ಇವರಿಗೂ ಆರು ವರ್ಷ. ಇವರು ಯಾವ ರಾಜ್ಯದ ಪ್ರತಿನಿಧಿಯೂ ಅಲ್ಲ, ಆದರೆ ಸದನದಲ್ಲಿ ಮಾತಾಡುವ, ಪ್ರಶ್ನೆ ಕೇಳುವ ಹಕ್ಕು ಬೇರೆಯವರಷ್ಟೇ ಇದೆ. ಉಪರಾಷ್ಟ್ರಪತಿ ಚುನಾವಣೆಯಲ್ಲಿ ಮತ ಇದೆ, ರಾಷ್ಟ್ರಪತಿ ಚುನಾವಣೆಯಲ್ಲಿ ಇಲ್ಲ. ಕನ್ನಡ ಬಲ್ಲವರು, ಅವರಿಗೂ ಒಂದು ಪ್ರತಿ ಕೊಡಿ. ತಪ್ಪೇನಿಲ್ಲ.

ರಾಜೀನಾಮೆ ವಿಷಯ. ಸದಸ್ಯರು ಸಭಾಪತಿಗೆ ಬರೆದು ಕೊಡಬೇಕು. ಉಪರಾಷ್ಟ್ರಪತಿಗಳೇ ಸಭಾಪತಿ. ಅದು ಸ್ವಇಚ್ಛೆಯಿಂದ ಬರೆದದ್ದು, ಅಸಲಿ ಪತ್ರ ಅಂತ ಅವರಿಗೆ ಮನವರಿಕೆಯಾಗಬೇಕು. 2016ರಲ್ಲಿ ಕರ್ನಾಟಕದಿಂದ ಸದಸ್ಯರಾಗಿದ್ದ ವಿಜಯ್ ಮಲ್ಯ ಅವರ ಮೊದಲ ಪತ್ರವನ್ನು ಸಹಿ ಅಸಲಿ ಅಲ್ಲ ಅಂತ ಆಗಿನ ಸಭಾಪತಿ ಹಮೀದ್ ಅನ್ಸಾರಿ ತಿರಸ್ಕರಿಸಿದ್ದರು. ಆಮೇಲೆ ಕೊಟ್ಟದ್ದನ್ನು ಮೇ ತಿಂಗಳಲ್ಲಿ ಒಪ್ಪಿದರು. ಆ ಸ್ಥಾನದ ಅವಧಿ ಜೂನ್ 30ಕ್ಕೇ ಮುಗಿಯುವುದಿತ್ತು, ಹಾಗಾಗಿ ಉಪಚುನಾವಣೆ ಅಗತ್ಯ ಬೀಳಲಿಲ್ಲ. ಸಾಮಾನ್ಯವಾಗಿ ಆರು ತಿಂಗಳೊಳಗೆ ಉಪಚುನಾವಣೆ ಆಗಬೇಕು. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಬೇಕಿಲ್ಲ. ರಾಜೀನಾಮೆ ಕೊಡದೆಯೂ ಸ್ಥಾನ ಹೋಗುವ ದಾರಿ ಇದೆ. ಸದನದ ಅನುಮತಿ ಇಲ್ಲದೆ 60 ದಿನ ಗೈರಾದರೆ ಸ್ಥಾನ ತೆರವಾಯಿತು ಅಂತ ಸದನ ಘೋಷಿಸಬಹುದು.

ಲೋಕಸಭೆಗೆ ಗೆದ್ದರೆ ರಾಜ್ಯಸಭೆಯ ಸ್ಥಾನ ತಾನಾಗಿಯೇ ತೆರವಾಗುತ್ತದೆ. ಎರಡು ಸದನದಲ್ಲಿ ಒಟ್ಟಿಗೆ ಇರುವಂತಿಲ್ಲ. ದೇವೇಗೌಡರದ್ದೇ ಉದಾಹರಣೆ ಇದೆ. 1996ರ ಜೂನ್ 1ಕ್ಕೆ ಪ್ರಧಾನಿಯಾದಾಗ ಅವರು ಸಂಸತ್ತಿನ ಯಾವ ಸದನದಲ್ಲೂ ಇರಲಿಲ್ಲ. ಆರು ತಿಂಗಳೊಳಗೆ ಒಂದು ಸದನಕ್ಕೆ ಬರಬೇಕಿತ್ತು. ಕರ್ನಾಟಕದಿಂದ ರಾಜ್ಯಸಭೆಗೆ ಬಂದರು. 1998ರಲ್ಲಿ ಹಾಸನದಿಂದ ಲೋಕಸಭೆಗೆ ಗೆದ್ದರು, ರಾಜ್ಯಸಭೆ ಅವಧಿ ಅಲ್ಲಿಗೇ ನಿಂತಿತು.

ಹಾಗೆ ಯಾರಾದರೂ ಹೋದರೆ ನಿಮ್ಮ ಮನವಿ ಅವರ ಮೇಜಿನ ಮೇಲೇ ಉಳಿದುಬಿಡುವ ಸಾಧ್ಯತೆ ಇದೆ. ಅದಕ್ಕೇ ಒಬ್ಬರಿಗೆ ಕೊಡಬೇಡಿ. ಪ್ರತಿ ಪಾಲಿನಿಂದ ಕನಿಷ್ಠ ಇಬ್ಬರಿಗೆ ಕೊಡಿ. 2026ರ ಪಾಲಿನವರಿಗೆ ಇನ್ನು ಎರಡು ವರ್ಷ ಇದೆ, 2028ರವರಿಗೆ ನಾಲ್ಕು, ಹೊಸಬರಿಗೆ ಪೂರ್ತಿ ಆರು. ಬೆಲೆಯ ಸಮಸ್ಯೆ ಈ ವರ್ಷಕ್ಕೇ ಮುಗಿಯುವುದಲ್ಲ, ಪ್ರತಿ ಹಂಗಾಮಿಗೂ ಬರುತ್ತದೆ. ಉದ್ದ ಅವಧಿ ಇರುವವರ ಹತ್ತಿರ ಮತ್ತೆ ಮತ್ತೆ ಹೋಗಬಹುದು. ನನ್ನ ಪ್ರಕಾರ ಹೊಸ ನಾಲ್ವರನ್ನು ಏಪ್ರಿಲ್‌ನಲ್ಲೇ ಹಿಡಿಯಬೇಕು, ಬಂದ ಹೊಸದರಲ್ಲಿ ಕೇಳಿಸಿಕೊಳ್ಳುವ ಮನಸ್ಸು ಜಾಸ್ತಿ ಇರುತ್ತದೆ.

ಮನವಿಯ ಕೊನೆಯಲ್ಲಿ "ಸೂಕ್ತ ಕ್ರಮ ಕೈಗೊಳ್ಳಬೇಕು" ಅಂತ ಬಿಡಬೇಡಿ. ಏನು ಮಾಡಬೇಕು ಅಂತ ಬರೆಯಿರಿ. ಕೃಷಿ ಸಚಿವರಿಗೆ ಈ ಪ್ರಶ್ನೆ ಕೇಳಿ ಅಂತ ಪ್ರಶ್ನೆಯನ್ನೇ ಬರೆದುಕೊಡಿ. ಚುಕ್ಕೆ ಗುರುತಿಲ್ಲದ ಪ್ರಶ್ನೆಯಾದರೂ ಸಚಿವಾಲಯ ಲಿಖಿತ ಉತ್ತರ ಕೊಡಲೇಬೇಕು. ಆ ಉತ್ತರ ಕಡತಕ್ಕೆ ಸೇರುತ್ತದೆ, ಮುಂದಿನ ವರ್ಷ ಅದನ್ನೇ ಹಿಡಿದು ಮಾತಾಡಬಹುದು. ಪ್ರಶ್ನೆಗೆ ಸುಮಾರು 15 ದಿನ ಮುಂಚೆ ನೋಟಿಸ್ ಬೇಕು. ಅಧಿವೇಶನ ಹೊಸ ಸರ್ಕಾರ ಬಂದ ಮೇಲೆಯೇ, ಹಾಗಾಗಿ ಸಮಯ ಇದೆ. ಇನ್ನೊಂದು ದಾರಿ ರಾಜ್ಯಸಭೆಯ ಅರ್ಜಿ ಸಮಿತಿ. ಸಾಮಾನ್ಯ ನಾಗರಿಕರ ಅರ್ಜಿಯನ್ನೂ ಅದು ನೋಡುತ್ತದೆ. ಆದರೆ ಒಬ್ಬ ಸದಸ್ಯರ ಸಹಿ ಬೇಕು, ಕನ್ನಡದಲ್ಲಿ ಬರೆದರೆ ಇಂಗ್ಲಿಷ್ ಅಥವಾ ಹಿಂದಿ ಅನುವಾದ ಜೊತೆಗಿರಬೇಕು.

ಮುಳಬಾಗಿಲು ಮೇಷ್ಟ್ರು

ತಾಯಿ, ಹೊರಗಿನವರಿಗೂ ಹೇಳಿಕೊಡುವ ಕೆಲಸ ನಮ್ಮದು ಅಂದಿರಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಮತದಾರರಾಗಿರಬೇಕು ಅನ್ನುವ ಆ ನಿಯಮ ವಾಪಸ್ ಬರಬೇಕು ಅನ್ನುವ ನನ್ನ ಮಾತನ್ನು ಬಿಡುವುದಿಲ್ಲ. ನಿಮ್ಮ ಮನವಿಗೆ ಜಯವಾಗಲಿ.

ಹೊನ್ನವಳ್ಳಿ ತೋಟ

ವಕೀಲರೇ, ನೀವು ಹೇಳಿದ ಹಾಗೇ ಪಟ್ಟಿ ಮಾಡಿದ್ದೇನೆ. 2026ರ ಪಾಲಿನಲ್ಲಿ ದೇವೇಗೌಡರು ಮತ್ತು ಖರ್ಗೆಯವರು. 2028ರ ಪಾಲಿನಲ್ಲಿ ನಿರ್ಮಲಾ ಸೀತಾರಾಮನ್ ಮತ್ತು ಜಗ್ಗೇಶ್. 2030ರ ಪಾಲಿನಲ್ಲಿ ನಾಲ್ವರಿಗೂ, ಏಪ್ರಿಲ್ 3 ಆದ ಮೇಲೆ. ಬೇರೆ ಬೇರೆ ಪಕ್ಷದವರು ಇದ್ದಾರೆ, ಅದೇ ಒಳ್ಳೆಯದು. ಕೊಬ್ಬರಿ ಎಲ್ಲ ಪಕ್ಷದವರ ತೋಟದಲ್ಲೂ ಬೆಳೆಯುತ್ತದೆ. ಗುಂಪಿನವರೆಲ್ಲ ಸಹಿ ಹಾಕಲು ಒಪ್ಪಿದ್ದಾರೆ. ಕಣದ ವಿಷಯ ಜೂನ್‌ಗೆ ಬೇರೆ ಕಾಗದ.

ಚಿಂತಾಮಣಿ ತಮ್ಮಾ, ಇಂಗ್ಲಿಷ್ ಅನುವಾದಕ್ಕೆ ನಿನ್ನ ಸಹಾಯ ಸಿಗುತ್ತದಾ? ಒಂದೂವರೆ ಪುಟ ಅಷ್ಟೇ.

ಚಿಂತಾಮಣಿ ಓದುಗ

ಖಂಡಿತ ಅಕ್ಕಾ, ಕಳಿಸಿ. ಹರಾಜಿನ ಬಿಲ್ಲುಗಳ ನಕಲು ಇದ್ದರೆ ಅದನ್ನೂ ಸೇರಿಸಿ, ತಾರೀಖು, ಕ್ವಿಂಟಾಲ್ ಬೆಲೆ ಕಾಣುವ ಹಾಗೆ. ಸಚಿವರಿಗೆ ಕೇಳುವ ಪ್ರಶ್ನೆಯ ಕರಡು ನಾನೇ ಬರೆದು ಇಲ್ಲಿ ಹಾಕುತ್ತೇನೆ, ವಕೀಲರು ಒಮ್ಮೆ ನೋಡಿ ತಿದ್ದಲಿ.